ಇನ್ನೂ ಬಾರದ ನೀರಿಗೆ ಒಂದೂವರೆ ಅಡಿ

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ತಗ್ಗಿನ ಬಡಾವಣೆಯ ರಸ್ತೆಗೆ ಅಡ್ಡಲಾಗಿ ಬೆರಳು ಗಾತ್ರದ ಪಾರದರ್ಶಕ ಪೈಪೊಂದು ಮಲಗಿದೆ, ಅದರ ತುಂಬ ನೀರು. ಈ ತುದಿಯನ್ನು ಗೋಡೆಗೆ ಒತ್ತಿ ಹಿಡಿದು ನಿಂತವರು ಮಟ್ಟದಕ್ಕ. ಆ ತುದಿಯಲ್ಲಿ ಆಕಳಿಸುತ್ತಿರುವವರು ಅವರ ಯಜಮಾನರು, ವೃತ್ತಿಯಲ್ಲಿ ಟೈಲರ್.

"ರೀ, ಅಲುಗಾಡಬೇಡಿ. ನೀರು ಕುಣೀತಾ ಇದೆ."

"ನಾನೆಲ್ಲಿ ಅಲುಗಾಡ್ದೆ? ನಿದ್ದೆ ತೂಗ್ತಾ ಇದೆ. ಒಂದು ದಿನ, ಒಂದೇ ಒಂದು ದಿನ ಏಳು ಗಂಟೆವರೆಗೆ ಮಲಗೋಕೆ ಬಿಡೇ ತಾಯಿ."

"ಮೊದಲು ನೀರು ಕೂರಲಿ. ಆಮೇಲೆ ನೀವು ಕೂತ್ಕೊಳ್ಳಿ."

ಹಾಲಿನ ವ್ಯಾನೊಂದು ಬರುತ್ತದೆ. ಚಾಲಕ ಪೈಪನ್ನು ನೋಡಿದವನೇ ನಿಲ್ಲಿಸಿ, ಇವರ ಕಣ್ಣಿಗೆ ಹೊಡೆಯದಂತೆ ಹೆಡ್‌ಲೈಟ್ ಆರಿಸಿ, ಸುಮ್ಮನೆ ಕಾಯುತ್ತಾನೆ. ಹಾರ್ನ್ ಮಾಡುವುದಿಲ್ಲ. ಆರು ವರ್ಷಗಳಿಂದ ಈ ಹೊತ್ತಿಗೆ ಈ ದಾರಿಯಲ್ಲಿ ಓಡಾಡುವವರಿಗೆಲ್ಲ ಇದು ರೂಢಿ.

ಮಟ್ಟದಕ್ಕನಿಗೆ ಈಗ ಐವತ್ತೆರಡು. ಹದಿನೆಂಟನೆಯ ವಯಸ್ಸಿನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿ, ಇಟ್ಟಿಗೆ ಹೊತ್ತು, ಗಾರೆ ಕಲಸಿ, ಕೊನೆಗೆ ಮೇಸ್ತ್ರಿಯ ಪಕ್ಕದಲ್ಲಿ ಮಟ್ಟದ ಪೈಪು ಹಿಡಿಯುವ ಕೆಲಸಕ್ಕೆ ನಿಂತವರು. ಪೈಪಿನ ಎರಡು ತುದಿ ಎಷ್ಟೇ ದೂರವಿದ್ದರೂ ಒಳಗಿನ ನೀರು ಎರಡೂ ಕಡೆ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ನೆಲ ಸಮವೋ ಓರೆಯೋ ಅದೇ ಹೇಳುತ್ತದೆ. ಒಳಗೆ ಒಂದು ಗುಳ್ಳೆ ಉಳಿದರೂ ಲೆಕ್ಕ ಕೆಟ್ಟಿತು. ಅದಕ್ಕೇ ಅವರು ಹೊರಡುವ ಮುನ್ನ ಇಪ್ಪತ್ತು ಮೀಟರ್ ಪೈಪನ್ನು ದೀಪಕ್ಕೆ ಹಿಡಿದು, ಬೆರಳಿನಿಂದ ತಟ್ಟಿ ತಟ್ಟಿ ಗುಳ್ಳೆಗಳನ್ನು ಓಡಿಸುತ್ತಾರೆ. ಪೈಪು ಸುತ್ತಿಡಲು ಯಜಮಾನರು ಗೊಣಗುತ್ತಲೇ ಒಂದು ಚೀಲ ಹೊಲಿದುಕೊಟ್ಟಿದ್ದಾರೆ, ಹೆಗಲಿಗೆ ಒತ್ತದಂತೆ ಪಟ್ಟಿಗೆ ಹತ್ತಿ ತುಂಬಿ.

ತಗ್ಗಿನ ಬಡಾವಣೆಯ ಮನೆಗಳಲ್ಲಿ ಅರ್ಧಕ್ಕರ್ಧ ಎದ್ದದ್ದು ಅವರ ಕಣ್ಣೆದುರೇ. ಊರಿನ ಕಟ್ಟಡ ನಿಯಮ ಹೇಳಿದ್ದು ಒಂದೇ ಮಾತು: ಮನೆಯ ನೆಲ ಎದುರಿನ ರಸ್ತೆಗಿಂತ ಎರಡು ಅಡಿ ಮೇಲಿರಬೇಕು. ಅವರು ಎರಡು ಅಡಿಗೆ ಕೂದಲೆಳೆಯಷ್ಟೂ ತಪ್ಪದಂತೆ ಮಟ್ಟ ಹಿಡಿದುಕೊಟ್ಟರು. ಆರು ವರ್ಷದ ಹಿಂದೆ ಹೊಳೆ ಉಕ್ಕಿದಾಗ ನೀರು ಬಂದು ಆ ಅಚ್ಚುಕಟ್ಟಾದ ನೆಲಗಳ ಮೇಲೆ ತೊಡೆಯವರೆಗೆ ನಿಂತಿತು. ಒಬ್ಬ ಬಾಣಂತಿ ಮಗುವನ್ನು ಬೀರುವಿನ ಮೇಲೆ ಮಲಗಿಸಿ, ಇಡೀ ದಿನ ಕೈ ಅಡ್ಡ ಹಿಡಿದು ನಿಂತಿದ್ದಳು.

"ಆ ಮನೆ ನೆಲದ ಮಟ್ಟ ಹಿಡಿದವಳು ನಾನೇ," ಎನ್ನುತ್ತಾರೆ ಮಟ್ಟದಕ್ಕ. "ಕೆಲಸದಲ್ಲಿ ತಪ್ಪಿರಲಿಲ್ಲ. ಆದ್ರೂ ಅನ್ನ ಇಳೀಲಿಲ್ಲ. ನಿಯಮಾನೇ ತಪ್ಪಿದ್ರೆ ಸರಿಯಾಗಿ ಮಾಡಿದ ಕೆಲಸಾನೂ ತಪ್ಪೇ ಅಲ್ವಾ?"

ನೀರಿಳಿದ ಮರುದಿನವೇ ಅವರು ಕೆಂಪು ಬಣ್ಣದ ಡಬ್ಬಿ ಹಿಡಿದು ಹೊರಟರು. ಗೋಡೆಯ ಮೇಲೆ ಕೆಸರು ಬಿಟ್ಟುಹೋದ ಗೆರೆ ಅಳಿಸುವ ಮೊದಲೇ ಅಲ್ಲೊಂದು ಪುಟ್ಟ ತ್ರಿಕೋನ ಬರೆದರು. ಯಾರೂ ಹೇಳಿರಲಿಲ್ಲ, ಕೂಲಿಯೂ ಇರಲಿಲ್ಲ. ಇನ್ನೂರ ಹನ್ನೆರಡು ಮನೆ, ಇನ್ನೂರ ಹನ್ನೆರಡು ತ್ರಿಕೋನ. ರಸ್ತೆಯಿಂದ ಪ್ರತಿಯೊಂದರ ಎತ್ತರವೂ ಒಂದು ಶಾಲಾ ನೋಟುಪುಸ್ತಕದಲ್ಲಿದೆ. ಆಮೇಲೆ ಬೀದಿ ಬೀದಿಯ ಗುರುತುಗಳನ್ನು ಪುರಸಭೆ ಕಚೇರಿಯ ಮೊದಲ ಮೆಟ್ಟಿಲಿಗೆ ಹೋಲಿಸಿ ನೋಡುವ ಕೆಲಸ. ವಾಹನಗಳು ಪೈಪು ತುಳಿಯಬಾರದಲ್ಲ, ಅದಕ್ಕೇ ಮುಂಜಾನೆ. ಕಚೇರಿಯಿಂದ ಇಪ್ಪತ್ತಿಪ್ಪತ್ತು ಮೀಟರ್ ದಾಟುತ್ತ ಬರಬೇಕು, ವಾರಕ್ಕೊಂದು ಮನೆಯಾದರೆ ಹೆಚ್ಚು. ಬಣ್ಣ ಬಳಿಸುವಾಗ ಎಷ್ಟೋ ಮನೆಯವರು ತ್ರಿಕೋನದ ಸುತ್ತ ಮಾತ್ರ ಬಳಿಸಿ ಅದನ್ನು ಹಾಗೇ ಬಿಟ್ಟಿದ್ದಾರೆ. ಹೊಸ ಗೋಡೆಯ ಮೇಲೆ ಹಳೆಯ ಬಣ್ಣದ ಅಂಗೈಯಗಲದ ಚೌಕ, ನಡುವೆ ಕೆಂಪು ಗುರುತು.

ಎರಡು ವರ್ಷದ ಹಿಂದೆ ಕಟ್ಟಡ ವಿಭಾಗಕ್ಕೆ ಬಂದ ಎಂಜಿನಿಯರಮ್ಮ ಆ ನೋಟುಪುಸ್ತಕವನ್ನು ನಿಂತಲ್ಲೇ ಓದಿ ಮುಗಿಸಿದರಂತೆ. ಮಟ್ಟದಕ್ಕನನ್ನು ದಿನಗೂಲಿಯ ಮೇಲೆ ಕಚೇರಿಗೆ ಸೇರಿಸಿಕೊಂಡದ್ದೂ ಅವರೇ. ಹೊಸ ನಿಯಮದ ಕರಡು ಹುಟ್ಟಿದ್ದು ಅಲ್ಲಿಂದ: ಇನ್ನು ಮುಂದೆ ರಸ್ತೆಯಿಂದ ಅಳೆಯುವಂತಿಲ್ಲ, ಏಕೆಂದರೆ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಏರುತ್ತಿದೆ. ಅಳತೆ ನೀರಿನ ಗುರುತಿನಿಂದ. ಹೊಸ ಮನೆಯ ನೆಲ ಆ ಗುರುತಿಗಿಂತ ಒಂದೂವರೆ ಅಡಿ ಮೇಲೆ. ಮಣ್ಣು ತುಂಬಿಸಿ ಎತ್ತರಿಸಿದರೆ ನೀರು ಪಕ್ಕದವರ ಮನೆಗೆ ನುಗ್ಗುತ್ತದೆ, ಆದ್ದರಿಂದ ಕಂಬಗಳ ಮೇಲೆ. ಕರೆಂಟಿನ ಮೀಟರ್ ಅದಕ್ಕೂ ಮೇಲೆ.

"ಮೂರು ದಿನ ಬೀಳ್ತಿದ್ದ ಮಳೆ ಈಗ ಒಂದು ಮಧ್ಯಾಹ್ನ ಸುರಿದುಬಿಡುತ್ತೆ," ಎನ್ನುತ್ತಾರೆ ಎಂಜಿನಿಯರಮ್ಮ. "ಗುರುತು ಹೇಳೋದು ಬಂದುಹೋದ ನೀರನ್ನ. ಆ ಒಂದೂವರೆ ಅಡಿ ಇನ್ನೂ ಬಾರದ ನೀರಿಗೆ."

ಕರಡು ಪುರಸಭೆ ಸದಸ್ಯರ ಸಭೆಯ ಮುಂದೆ ಬರುವುದು ಇವತ್ತೇ, ಹನ್ನೊಂದು ಗಂಟೆಗೆ. ಆದರೆ ಹೋದ ವಾರ ಒಂದು ತೊಡಕು ಎದ್ದಿದೆ. ಕಚೇರಿಯವರು ಟೇಪು ಹಿಡಿದು ರಸ್ತೆಯಿಂದ ಗುರುತುಗಳನ್ನು ಮತ್ತೆ ಅಳೆದಾಗ ಒಂದನ್ನು ಬಿಟ್ಟು ಎಲ್ಲವೂ ಮೂರು ನಾಲ್ಕು ಇಂಚು ಕಡಿಮೆ ಬಂದವು. ಅದಂತೂ ಏರಿದ ರಸ್ತೆಯ ಕಿತಾಪತಿ, ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಮೂಲೆಮನೆಯ ಗುರುತು ನೋಟುಪುಸ್ತಕದಲ್ಲಿ ನಾಲ್ಕು ಅಡಿ, ಗೋಡೆಯ ಮೇಲೆ ಹತ್ತಿರ ಹತ್ತಿರ ಏಳು ಅಡಿ! ಬಡಾವಣೆಯಲ್ಲಿ ಮೂವತ್ತು ಸೈಟು ಹಿಡಿದಿರುವ ಕಂಟ್ರಾಕ್ಟರಿಗೆ ಕಂಬಗಳ ಖರ್ಚು ಬೇಡ, ಅವರು ಇದನ್ನೇ ಕಾಯುತ್ತಿದ್ದರು. "ಒಂದು ಸುಳ್ಳಾದ್ರೆ ಇನ್ನೂರ ಹನ್ನೆರಡೂ ಸುಳ್ಳು," ಎಂದು ಬರೆದುಕೊಟ್ಟಿದ್ದಾರೆ.

ಅದಕ್ಕೇ ಈ ಬೆಳಗ್ಗೆ ಪೈಪು ಮೂಲೆಮನೆಯ ಮುಂದೆ ಮಲಗಿದೆ. ಎದುರುಮನೆಯ ತ್ರಿಕೋನಕ್ಕೆ ಯಜಮಾನರು ಒಂದು ತುದಿ ಹಿಡಿದಿದ್ದಾರೆ. ಈ ಕಡೆ ನೀರು ಬಂದು ನಿಂತದ್ದು ಮಟ್ಟದಕ್ಕನ ಎದೆಯ ನೇರಕ್ಕೆ. ಗುರುತು ಇರುವುದು ಅವರ ತಲೆಯ ಮೇಲೆ.

"ಇದೇನ್ರೀ, ನಾನೇನಾದ್ರೂ ಕುಗ್ಗಿಬಿಟ್ನಾ?" ಎನ್ನುತ್ತಾರೆ. ನಗು ಬರುವುದಿಲ್ಲ. ಹೋಲಿಸುವ ಕೆಲಸ ಈ ಮೂಲೆಯವರೆಗೆ ಇನ್ನೂ ಮುಟ್ಟಿರಲಿಲ್ಲ, ಗುರುತು ಹಾಕಿದ ಮೇಲೆ ಅವರು ಇಲ್ಲಿಗೆ ಮತ್ತೆ ಬಂದೇ ಇರಲಿಲ್ಲ. ಎರಡು ಸಲ ನೋಡುತ್ತಾರೆ, ಗುಳ್ಳೆ ಹುಡುಕುತ್ತಾರೆ. ಗುಳ್ಳೆಯಿಲ್ಲ. ತ್ರಿಕೋನವೂ ಅವರ ಕೈಯದೇ.

ಬಾಗಿಲು ತೆರೆದು ಮನೆಯ ಅಜ್ಜಿ ಹೊರಗೆ ಬರುತ್ತಾರೆ. ಮೇಲಿನಿಂದಲೇ ಕೇಳುತ್ತಾರೆ, "ಯಾರಮ್ಮ ಅದು? ಗುರುತು ಹಾಕಿದ ಅಕ್ಕ ಅಲ್ವಾ? ಚೆನ್ನಾಗಿ ನೋಡ್ಕೋ, ಮೂರು ಸಲ ಬಣ್ಣ ಹೊಡೆಸಿದೀನಿ, ನಿನ್ನ ಗುರುತು ಮುಟ್ಟೋಕೆ ಬಿಟ್ಟಿಲ್ಲ."

"ಅಜ್ಜಿ, ಗುರುತು ಮೇಲೆ ಹೋಗಿಬಿಟ್ಟಿದೆಯಲ್ಲ!"

"ಹೋಗದೆ ಏನು? ಮನೇನೇ ಮೇಲೆ ಹೋಗಿದೆ! ನಮ್ಮಳಿಯ ಜಾಕಿ ಹಾಕಿಸಿ ಎತ್ತಿಸಿದ್ನಲ್ಲ, ಇಡೀ ಮನೇನ, ಮೂರಡಿ. ಎಣಿಸು ಮೆಟ್ಟಿಲು."

ಮಟ್ಟದಕ್ಕ ಎಣಿಸುತ್ತಾರೆ. ಆಗ ಮೂರಿದ್ದವು. ಈಗ ಎಂಟು. ಎಂಟನೆಯದನ್ನು ಎಣಿಸುವಾಗ ಅವರ ದನಿ ಬೀದಿಯ ಕೊನೆಯವರೆಗೂ ಕೇಳುತ್ತದೆ. ಹಾಲಿನ ವ್ಯಾನಿನ ಚಾಲಕ ಏನೂ ತಿಳಿಯದೆಯೂ ನಗುತ್ತಾನೆ. ಯಜಮಾನರ ನಿದ್ದೆ ಹಾರಿಹೋಗುತ್ತದೆ.

ಹನ್ನೊಂದಕ್ಕೆ ಸಭೆ ತುಂಬಿದೆ. ಮಟ್ಟದಕ್ಕ ಬಾಗಿಲ ಬಳಿ ಪೈಪಿನ ಚೀಲ ಹೊತ್ತು ನಿಂತಿದ್ದಾರೆ. ಜವಾನ ತನ್ನ ಸ್ಟೂಲನ್ನೇ ಸದ್ದಿಲ್ಲದೆ ಅವರ ಹಿಂದೆ ತಂದಿಡುತ್ತಾನೆ. ಆಕ್ಷೇಪಣೆ ಓದಿ ಮುಗಿಯುವ ಹೊತ್ತಿಗೆ ಅಜ್ಜಿ ಚಪ್ಪಲಿ ಸದ್ದು ಮಾಡುತ್ತ ಬಂದು, ಮೇಜಿನ ಮೇಲೆ ಒಂದು ಫೋಟೋ ಇಡುತ್ತಾರೆ: ಮನೆ ಜಾಕಿಗಳ ಮೇಲೆ ನಿಂತಿದೆ, ಅಡಿಯಲ್ಲಿ ಬೆಳಕು ಕಾಣುತ್ತಿದೆ, ಗೋಡೆಯ ಮೇಲೆ ಕೆಂಪು ತ್ರಿಕೋನ.

"ಹೋದ ವರ್ಷ ಮತ್ತೆ ನೀರು ಬಂತಲ್ಲ, ಬೀದಿಗೆಲ್ಲ ನುಗ್ತು, ನಮ್ಮನೆಗೆ ಬರಲಿಲ್ಲ," ಎನ್ನುತ್ತಾರೆ ಅಜ್ಜಿ. "ಅಕ್ಕಪಕ್ಕದ ಹದಿಮೂರು ಜನ ನಮ್ಮ ನಡುಮನೇಲೇ ಇದ್ರು. ಎಲ್ಲರ ಮನೇನೂ ಹೀಗಿದ್ದಿದ್ರೆ ನನಗೆ ಕಾಲು ಚಾಚೋಕೆ ಜಾಗ ಸಿಗ್ತಿತ್ತು."

ಸಭೆ ಗೊಳ್ಳೆಂದು ನಗುತ್ತದೆ. ಮಟ್ಟದಕ್ಕನಿಗೆ ತಡೆಯಲಾಗುವುದಿಲ್ಲ. "ಆದ್ರೂ ಅಜ್ಜಿ, ಹೊಸ ನಿಯಮಕ್ಕೆ ನಿಮ್ಮನೆ ಇನ್ನೂ ಅರ್ಧ ಅಡಿ ಕಮ್ಮಿ!"

ಹದಿನೇಳು ಸದಸ್ಯರಲ್ಲಿ ಹನ್ನೆರಡು ಕೈ ಮೇಲೇಳುತ್ತವೆ. ಹೊರಗಿನ ನೀರು ಶೌಚಾಲಯದ ಪೈಪಿನಿಂದ ಒಳಗೆ ಉಕ್ಕದಂತೆ ತಡೆಯುವ ಕವಾಟದ ಮಾತು ಮುಂದಿನ ಸಭೆಗೆ ಹೋಗುತ್ತದೆ, ಉಳಿದದ್ದೆಲ್ಲ ಪಾಸು. ಎಂಜಿನಿಯರಮ್ಮ ಎಲ್ಲರೆದುರೇ ಓಡಿ ಬಂದು ಮಟ್ಟದಕ್ಕನನ್ನು ತಬ್ಬಿಕೊಳ್ಳುತ್ತಾರೆ. ನಡುವೆ ಪೈಪಿನ ಚೀಲ ಸಿಕ್ಕಿಕೊಂಡು ಇಬ್ಬರ ಸೀರೆಯೂ ಒದ್ದೆ.

ಮೆಟ್ಟಿಲಿಳಿಯುವಾಗ ಕಂಟ್ರಾಕ್ಟರ್ ಎದುರಾಗುತ್ತಾರೆ. ಬೀಗದ ಕೈಗೊಂಚಲು ತಿರುವುತ್ತ ಕೇಳುತ್ತಾರೆ, "ಅಕ್ಕಾ, ನನ್ನ ಮೂವತ್ತು ಸೈಟಿಗೂ ಗುರುತಿನಿಂದ ಮಟ್ಟ ಹಿಡಿದುಕೊಡ್ತೀರಾ? ಬೇರೆಯವರ ಕೈಲಿ ಆಗಲ್ಲ."

ಮಟ್ಟದಕ್ಕ ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಳ್ಳುತ್ತಾರೆ.

"ನಾಳೆ ಬೆಳಗ್ಗೆ ಐದೂವರೆಗೆ ಬನ್ನಿ. ಪೈಪಿನ ಆ ತುದಿ ನೀವೇ ಹಿಡೀಬೇಕು. ನಮ್ಮವರು ನಾಳೆ ಏಳು ಗಂಟೆವರೆಗೆ ಮಲಗ್ತಾರೆ."