ಬ್ರಾಡ್‌ನ ಮೇಲೆ ಅಮ್ಮನಿಗೆ ಕೊಟ್ಟ ದೂರು

ದುರ್ಗಾಂಬೆಯ ಭಕ್ತರಿಗೆಲ್ಲ ಸ್ಯಾನ್ ಡಿಯಾಗೊದಿಂದ ನಮಸ್ಕಾರ. ಅಮ್ಮನಲ್ಲಿ ಆರೋಗ್ಯ ಬೇಡಿದವರು, ಸಂತಾನ ಬೇಡಿದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ನಾನು ಬೇಡಿದ್ದು ಒಬ್ಬ ಮನುಷ್ಯನ ಸರ್ವನಾಶ. ಸುಳ್ಳು ಹೇಳಿ ಒಳ್ಳೆಯವನೆನಿಸಿಕೊಳ್ಳುವ ಆಸೆ ನನಗಿಲ್ಲ, ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ನಾನು ಕುಮಟಾ ಕಡೆಯವನು. ಹದಿನೆಂಟು ವರ್ಷ ಹಡಗಿನಲ್ಲಿ ದುಡಿದು, ಆಮೇಲೆ ಇಲ್ಲಿಯ ಬಂದರಿನ ಒಂದು ತರಬೇತಿ ಶಾಲೆಯಲ್ಲಿ ಸೇಫ್ಟಿ ಕಲಿಸುತ್ತಿದ್ದೆ. ಹಡಗು ಬಿಟ್ಟು ನೀರಿಗೆ ಹಾರುವುದು, ರಾಫ್ಟ್ ಹತ್ತುವುದು, ಬೆಂಕಿ ಆರಿಸುವುದು. 2023ರ ಮಾರ್ಚ್‌ನಲ್ಲಿ ಕೆನಡಾದ ಉತ್ತರದ ತುದಿಯಿಂದ ಆರು ಜನ ಇನುಯಿಟ್ ಬುಡಕಟ್ಟಿನ ಯುವಕ ಯುವತಿಯರು ಬಂದರು. ಅವರ ಊರಿನ ಮುಂದೆಯೇ ಪ್ರವಾಸಿಗಳ ಎಕ್ಸ್‌ಪೆಡಿಷನ್ ಹಡಗುಗಳು ಹಾದುಹೋಗುತ್ತವೆ. ಅವುಗಳಲ್ಲಿ ಕೆಲಸ ಸಿಗಬೇಕಾದರೆ ನಮ್ಮ ಸರ್ಟಿಫಿಕೇಟ್ ಬೇಕು. ಹಿಮದ ಕಡಲ ದಂಡೆಯಲ್ಲಿ ಹುಟ್ಟಿದವರಿಗೆ ನಾನು ತಣ್ಣೀರಿನ ಪಾಠ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ಮರ್ಯಾದೆಯಿಂದ ಕಲಿತರು. ಮಾತು ಮಾತ್ರ ಬಹಳ ಕಡಿಮೆ. "ಅರ್ಥ ಆಯ್ತಾ?" ಎಂದರೆ ಹುಬ್ಬೇರಿಸಿ ಸುಮ್ಮನಾಗುವರು. ಆಗಲಿಲ್ಲವೆಂದುಕೊಂಡು ನಾನು ಮತ್ತೆ ಮೊದಲಿಂದ ಶುರುಮಾಡುತ್ತಿದ್ದೆ.

ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಸೂಟುಗಳಲ್ಲಿ ಒಂದರ ಝಿಪ್ ಹರಿದಿತ್ತು. ಬಳಸಬಾರದೆಂದು ನಾನೇ ಕೆಂಪು ಟ್ಯಾಗ್ ಕಟ್ಟಿ ಅದನ್ನು ಬೇರೆ ಇಟ್ಟಿದ್ದೆ. ಬಂದರಿನಲ್ಲಿ ನೀರಿಗೆ ಹಾರುವ ಡ್ರಿಲ್ ಇದ್ದ ದಿನ ನಾನು ಕೆಳಗೆ ದೋಣಿಯಲ್ಲಿದ್ದೆ. ಮೇಲೆ ಜೆಟ್ಟಿಯಲ್ಲಿ ನಿಂತು ಸೂಟು ಹಂಚಿದವನು ಮ್ಯಾನೇಜರ್ ಬ್ರಾಡ್. ಒಂದು ಸೂಟು ಕಡಿಮೆ ಬಿತ್ತೆಂದು ಆ ಪುಣ್ಯಾತ್ಮ ಟ್ಯಾಗ್ ಕಿತ್ತು ಅದನ್ನೇ ಎಲಿಸಾಪಿ ಎಂಬ ಹುಡುಗಿಗೆ ಕೊಟ್ಟ. ಅವಳು ಹಾರಿದಳು. ಸೂಟಿನೊಳಗೆ ನೀರು ತುಂಬಿ ಮುಳುಗಿದಳು. ನಾನು ಎಳೆದುಕೊಳ್ಳುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ಜೀವ ಉಳಿಯಿತು, ಆದರೆ ಶ್ವಾಸಕೋಶಕ್ಕೆ ನೀರು ಹೋಗಿ ಆಸ್ಪತ್ರೆ ಸೇರಿದಳು.

ನಾಲ್ಕನೆಯ ದಿನ ಲಾಸ್ ಏಂಜಲೀಸ್‌ನ ಹೆಡ್ ಆಫೀಸಿನವರು ವೀಡಿಯೊ ಕಾಲ್‌ನಲ್ಲಿ ವಿಚಾರಣೆ ನಡೆಸಿದರು. ಬ್ರಾಡ್ ಕಣ್ಣು ಮಿಟುಕಿಸದೆ ಹೇಳಿದ: "ಅವತ್ತು ನಾನು ಸೂಟ್ ಮುಟ್ಟೇ ಇಲ್ಲ. ಕೊಟ್ಟಿದ್ದು ಸೇಫ್ಟಿ ಕಲಿಸೋರೇ." ಉಳಿದ ಐವರನ್ನು ಸಾಲಾಗಿ ಕೂರಿಸಿ ಕೇಳಿದರು: "ಸೂಟ್ ಹಂಚಿದ್ದು ಬ್ರಾಡ್ ಅವರಾ?" ಒಬ್ಬರೂ ಬಾಯಿ ಬಿಡಲಿಲ್ಲ. ವರದಿಯಲ್ಲಿ ಐದು ಸಲ "ಉತ್ತರವಿಲ್ಲ" ಎಂದು ಬರೆದು, ರೆಕಾರ್ಡಿಂಗ್ ಸಮೇತ ನನಗೆ ನೋಟಿಸ್ ಕಳಿಸಿದರು. ಕಲಿಸುವ ಲೈಸೆನ್ಸ್ ರದ್ದಾಗುವುದಿತ್ತು. ಐವತ್ತನಾಲ್ಕರ ನನ್ನನ್ನು ಮತ್ತೆ ಯಾವ ಹಡಗು ಹತ್ತಿಸಿಕೊಳ್ಳುತ್ತದೆ?

ಅರಿಸಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಅಮ್ಮನ ಫೋಟೊ ಮುಂದೆ ಮುಡಿಪು ಇಟ್ಟೆ. ಗಟ್ಟಿಯಾಗಿಯೇ ಹೇಳಿದೆ: "ತಾಯೀ, ಬ್ರಾಡ್‌ನ ಬುಡ ಕಿತ್ತು ಹಾಕು. ಬಾಯಿ ಹೊಲಿದುಕೊಂಡು ಕೂತ ಆ ಐವರನ್ನೂ ಬಿಡಬೇಡ."

ಹೆಂಡತಿ ಬೆಚ್ಚಿದಳು. "ರೀ, ಆ ಮಕ್ಕಳನ್ನ ಯಾಕೆ ಸೇರಿಸ್ತೀರಾ? ಪಾಪ, ಹೆದರ್ಕೊಂಡಿರ್ತಾರೆ."

"ಉಪ್ಪು ತಿಂದವರು ನೀರು ಕುಡೀಲಿ ಬಿಡು."

ಮಗಳು ಬಾಗಿಲಲ್ಲೇ ನಿಂತಿದ್ದಳು. "ಅಪ್ಪಾ, ದಟ್ಸ್ ನಾಟ್ ಎ ಪ್ರೇಯರ್," ಎಂದಳು.

ಹೌದು, ಅದು ದೂರು. ಎಂಟು ದಿನ ನಾನು ಬೇರೆ ಏನನ್ನೂ ಬೇಡಲಿಲ್ಲ. ಊಟಕ್ಕೆ ಕೂತರೂ ಬ್ರಾಡ್ ಬೀದಿಗೆ ಬಿದ್ದ ಚಿತ್ರವೇ ಕಣ್ಣಮುಂದೆ. ಆ ಚಿತ್ರ ನೋಡುತ್ತ ಚೆನ್ನಾಗಿಯೇ ಊಟ ಸೇರುತ್ತಿತ್ತು.

ಒಂಬತ್ತನೆಯ ದಿನ ಮಂಗಳವಾರ. ಕಾರು ಹೆಂಡತಿಯ ಡ್ಯೂಟಿಗೆ ಹೋಗಿತ್ತು. ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋದೆ. ಯೋಗಕ್ಷೇಮ ಕೇಳಲು ಅಲ್ಲ, ಬೈಯಲು. ಎಲಿಸಾಪಿ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು ಕೂತಿದ್ದಳು. ವಿಚಾರಣೆಯ ರೆಕಾರ್ಡಿಂಗ್ ಹಾಕಿ ಫೋನನ್ನು ಅವಳ ಮುಖಕ್ಕೆ ಹಿಡಿದೆ. "ನೋಡು ನಿನ್ನ ಸ್ನೇಹಿತರನ್ನ. ನಿನ್ನ ಜೀವ ಉಳಿಸಿದವನಿಗೋಸ್ಕರ ಒಂದು ಮಾತೂ ಆಡಲಿಲ್ಲ."

ಅವಳು ಪೂರ್ತಿ ನೋಡಿದಳು. ಮತ್ತೊಮ್ಮೆ ಹಾಕಿಸಿ ನೋಡಿದಳು.

"ಸರ್, ಐದು ಜನಾನೂ ಹೌದು ಅಂದಿದಾರಲ್ಲ?"

"ಎಲ್ಲಿ ಅಂದಿದಾರೆ?"

"ಹುಬ್ಬು ನೋಡಿ. ನಮ್ಮಲ್ಲಿ ಹೌದು ಅನ್ನೋದು ಹೀಗೇನೇ. ಇಲ್ಲ ಅನ್ನೋಕೆ ಮೂಗು ಸುಕ್ಕು ಮಾಡ್ತೀವಿ." ಎರಡನ್ನೂ ಮಾಡಿ ತೋರಿಸಿದಳು. "ಕ್ಲಾಸಲ್ಲಿ ನಾವು ಅರ್ಥ ಆಯ್ತು ಅಂದಾಗಲೆಲ್ಲ ನೀವು ಮತ್ತೆ ಹೇಳ್ತಾ ಇದ್ರಿ. ನಿಮ್ಮ ಪದ್ಧತಿ ಇರಬೇಕು ಅಂದ್ಕೊಂಡ್ವಿ."

ರೆಕಾರ್ಡಿಂಗನ್ನು ನಾನೂ ಮತ್ತೆ ಹಾಕಿ ನೋಡಿದೆ, ಐವರ ಹುಬ್ಬೂ ಮೇಲೇರಿತ್ತು. ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಜನ ನಾವು. ಅದು ಹೌದೋ ಅಲ್ಲವೋ ತಿಳಿಯದೆ ಬಿಳಿಯರು ಪರದಾಡುವುದನ್ನು ನೋಡಿ ನಗುತ್ತಿದ್ದ ನನಗೇ ಇದು ಹೊಳೆಯಲಿಲ್ಲ.

ಎಲಿಸಾಪಿ ಹಾಸಿಗೆಯಿಂದಲೇ ಹೆಡ್ ಆಫೀಸಿಗೆ ಫೋನ್ ಮಾಡಿ, ತನಗೆ ಸೂಟು ಕೊಟ್ಟವರು ಯಾರೆಂದು ಹೇಳಿದಳು. ಐವರನ್ನು ಮತ್ತೆ ಕರೆಸಿದರು. ಈ ಸಲ ಬಾಯಿಬಿಟ್ಟು ಹೇಳಿ ಎಂದರು, ಹೇಳಿದರು. ಟ್ಯಾಗ್ ಕಿತ್ತದ್ದನ್ನೂ ಹೇಳಿದರು. ಬ್ರಾಡ್ ಹೇಳಿದ ಸುಳ್ಳು ಅವನದೇ ದನಿಯಲ್ಲಿ ರೆಕಾರ್ಡ್ ಆಗಿ ಕೂತಿತ್ತು. ಅದೇ ವಾರ ರಟ್ಟಿನ ಡಬ್ಬ ಹೊತ್ತು ಅವನು ಪಾರ್ಕಿಂಗ್ ಲಾಟ್ ದಾಟುವುದನ್ನು ಕಿಟಕಿಯಿಂದ ಕೊನೆಯತನಕ ನೋಡಿದೆ. ಹೊಟ್ಟೆ ತಣ್ಣಗಾಯಿತು.

ಭಕ್ತರೇ, ಅಮ್ಮ ನನ್ನ ದೂರನ್ನು ಅರ್ಧ ಮಾತ್ರ ಒಪ್ಪಿಕೊಂಡಳು. ನಾನು ಶಪಿಸಿದ ಐವರನ್ನೇ ನನ್ನ ಸಾಕ್ಷಿಗಳಾಗಿ ನಿಲ್ಲಿಸಿದ್ದಳು, ನಾನು ಶಪಿಸುವ ಮೊದಲೇ. ಅಂಥ ತಾಯಿಯನ್ನು ಇನ್ನು ಹೇಗೆ ನಂಬದಿರಲಿ? ಆರೂ ಜನರಿಗೆ ಸರ್ಟಿಫಿಕೇಟ್ ಸಿಕ್ಕಿತು, ಎಲ್ಲವಕ್ಕೂ ಸಹಿ ಹಾಕಿದವನು ನಾನೇ. ಆ ಮಕ್ಕಳನ್ನು ಶಪಿಸಿದ್ದಕ್ಕೆ ಅಮ್ಮನ ಮುಂದೆ ಐದು ತಪ್ಪುಕಾಣಿಕೆ ಇಟ್ಟು ಅಡ್ಡಬಿದ್ದೆ.

"ಬ್ರಾಡ್ ಹೆಸರಲ್ಲೂ ಒಂದು ಇಟ್ಬಿಡಿ," ಎಂದಳು ಹೆಂಡತಿ.

ಇಟ್ಟಿಲ್ಲ. ಅಮ್ಮನೂ ಇಲ್ಲಿಯವರೆಗೆ ಕೇಳಿಲ್ಲ.