ಕ್ಯಾಲೆಂಡರಿನ ಹಿಂದೆ ಬರೆದಿಟ್ಟ ಮೂರು ಅಂಕಿ

ಕಾರ್ಡಿನ ವಿವರವನ್ನು ಒಮ್ಮೆ ಉಳಿಸಿಟ್ಟರೆ ಸಾಕು, ಮುಂದಿನ ಸಲ ಗುಂಡಿ ಒತ್ತಿದರೆ ಟಿಕೆಟ್ ಬರುತ್ತದೆ ಎಂದು ಟಿಕೆಟ್ ಮಾರುವ ವೆಬ್‌ಸೈಟಿನವರು ಹೇಳಿದ್ದನ್ನು ನಂಬಿದ್ದೆ. ನಾಗಪುರದ ಸದರ್ ಬಡಾವಣೆಯಲ್ಲಿ ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ನನ್ನ ಕೌಂಟರಿನ ಮುಂದೆ ಜನ ಸಾಲುಗಟ್ಟಿ ನಿಂತಿದ್ದಾಗ ಮನೆಯಿಂದ ಮಗಳ ಫೋನು ಬಂತು.

"ಅಪ್ಪಾ, ಧಾರವಾಡದ ಟಿಕೆಟ್ ಮಾಡಾಕತ್ತೀನಿ. ಕಾರ್ಡ್ ನಂಬರ್ ಬರೋಬರ್ ಬಂತು. ಆದ್ರ ಕಾರ್ಡಿನ ಹಿಂದಿನ ಮೂರು ಅಂಕಿ ಕೇಳಾಕತ್ತೈತಿ."

ಭದ್ರತೆಗಾಗಿ ಅವನ್ನು ಮಾತ್ರ ಉಳಿಸುವುದಿಲ್ಲವಂತೆ. ಉಳಿದದ್ದೆಲ್ಲ ಇಟ್ಟುಕೊಂಡವರಿಗೆ ಆ ಮೂರೇ ಅಂಕಿ ಭಾರವಾದವೇ ಎಂದು ಮೈಯೆಲ್ಲ ಉರಿಯಿತು. ಅದೇ ಭದ್ರತೆಗಾಗಿ ನಾನು ಅವನ್ನು ಕಾರ್ಡಿನಿಂದ ಬ್ಲೇಡಿನಲ್ಲಿ ಕೆರೆದು ಹಾಕಿದ್ದೆ. ನನಗೂ ನೆನಪಿರಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಕನ್ನಡ ಅಂಕಿಗಳಲ್ಲಿ ಬರೆದಿಟ್ಟಿದ್ದೆ. ನಾಗಪುರದ ಯಾವ ಕಳ್ಳನಿಗೆ ಕನ್ನಡ ಓದಲು ಬರುತ್ತದೆ?

"ಕ್ಯಾಲೆಂಡರ್ ಹಿಂದ ಬರದೀನಿ, ನೋಡು."

"ನೋಡಿದೆ. ಒಂದು ಸೊನ್ನಿ ಇದ್ದಂಗ ಐತಿ. ಉಳಿದಿದ್ದು ಸಮಜ್ ಆಗವಲ್ದು."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ರೇಗಿದೆ. "ಕಾಲೇಜಿಗೆ ಹೋಗ್ತಿ, ಕನ್ನಡ ಅಂಕಿ ಓದಾಕ ಬರೂದಿಲ್ಲೇನು?"

ಅವಳು ದನಿ ಏರಿಸಲಿಲ್ಲ. "ನೀವು ಯಾವಾಗ ಕಲಿಸಿದ್ರಿ, ಅಪ್ಪಾ?"

ಬಯ್ಯಲು ಆಮೇಲೆ ಯಾರೂ ಉಳಿಯಲಿಲ್ಲ. ಕಳ್ಳರಿಗೆ ಓದಲು ಬಾರದಿರಲಿ ಎಂದು ಬರೆದಿಟ್ಟಿದ್ದೆ. ಮಗಳಿಗೂ ಓದಲು ಬಾರದ ಹಾಗೆ ಇಪ್ಪತ್ತು ವರ್ಷ ಬೆಳೆಸಿದವನು ನಾನೇ.