ಹಿಡಿಯಕ್ಕಿ ಪಾತುಮುತ್ತು

ಲಂಕೆಯ ದಕ್ಷಿಣ ತೀರದ ಆ ಪೇಟೆಯಲ್ಲಿ, ಬಿಳಿಯರ ಕಾಲದಲ್ಲಿ, ಮುಸ್ಲಿಂ ಸಂಘದ ಶಾಲೆ ಎದ್ದದ್ದು ಯಾರಿಂದ ಎಂದು ಕೇಳಿ ನೋಡಿ, ಎಲ್ಲರೂ ಗೋಡೆಯ ಮೇಲಿನ ಫೋಟೊ ತೋರಿಸುತ್ತಾರೆ. ಹಜ್ ಮಾಡಿ ಬಂದ ಹನ್ನೊಂದು ಜನ ಹಾಜಿಯಾರ್‌ಗಳು, ಹನ್ನೊಂದು ಗಡ್ಡ. ಪಾತುಮುತ್ತು ಅದರಲ್ಲಿಲ್ಲ. ಆದರೆ ಇಪ್ಪತ್ತು ವರ್ಷ ಮೇಷ್ಟರುಗಳು ಉಂಡದ್ದು ಅವಳು ತಂದ ಅಕ್ಕಿಯನ್ನೇ. ಪ್ರತಿ ಮನೆಯ ಹೆಂಗಸೂ ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿಯನ್ನು ಶಾಲೆಗೆಂದು ಇಟ್ಟ ಗಡಿಗೆಗೆ ಹಾಕುವಳು. ಶುಕ್ರವಾರ ಪಾತುಮುತ್ತು ಬಂದು ಸುರಿದುಕೊಂಡು ಹೋಗುವಳು. ಉಳಿದ ದಿನ ಊರವರ ಭತ್ತ ಕುಟ್ಟಿ ಹೊಟ್ಟೆ ಹೊರೆಯುತ್ತಿದ್ದಳು. ಊರಿಗೆಲ್ಲ ಅವಳು ‘ತಾತ್ತಾ’, ಎಂದರೆ ಅಕ್ಕ; ಮೊಮ್ಮಗಳು ರಲೀನಾಗೆ ತಾಯಿಯೂ ಅವಳೇ, ತಂದೆಯೂ ಅವಳೇ.

ಶಾಲೆಯ ಹಿಂದಿನ ಚಾವಡಿಯಲ್ಲಿ ಎರಡು ವರ್ಷದಿಂದ ಹೆಣ್ಣುಮಕ್ಕಳಿಗೂ ಒಂದು ತರಗತಿ ನಡೆಯುತ್ತಿತ್ತು. ಸಂಘದ ಅಧ್ಯಕ್ಷ ಮರಿಕ್ಕಾರ್ ಹಾಜಿಯಾರ್ ಒಂದು ದಿನ ಅದಕ್ಕೆ ಬೀಗ ಜಡಿಸಿದರು. ರಲೀನಾ ಸ್ಲೇಟು ತಬ್ಬಿಕೊಂಡು ಊಟ ಬಿಟ್ಟಳು. ಪಾತುಮುತ್ತು ನೇರ ಹಾಜಿಯಾರ್ ಮನೆಗೆ ಹೋದಳು.

“ಹಾಜಿಯಾರೇ, ಮಗು ಅಳ್ತಾ ಇದೆ. ಬೀಗ ತೆಗೀರಿ.”

“ಅಡುಗೆಮನೇಲಿ ಓದೋಕೆ ಏನಿದೆ ತಾತ್ತಾ? ನೀನು ಓದಿದ್ಯಾ? ಬದುಕ್ಲಿಲ್ವಾ?”

“ಅದೂ ಸರಿ ಬಿಡಿ,” ಎಂದು ಅವಳು ತಲೆಯ ಸೆರಗು ಎಳೆದುಕೊಂಡು ಬಂದುಬಿಟ್ಟಳು. ಪಾತುಮುತ್ತು ‘ಸರಿ’ ಎಂದರೆ ಹೆದರಬೇಕು. ಹಾಜಿಯಾರ್‌ಗೆ ಅದು ಗೊತ್ತಿರಲಿಲ್ಲ, ಪಾಪ.

ಪ್ರವಾದಿಯವರ ಜನ್ಮದಿನದ ಮೌಲೂದಿನ ಊಟ ಹತ್ತಿರ ಬಂತು. ಶಾಲೆಗೆ ಹೊಸ ಕಟ್ಟಡ ಕಟ್ಟಿಸಿಕೊಡಬಹುದಾದ ದೊಡ್ಡ ವಕೀಲರೊಬ್ಬರು ಕೊಲಂಬೊದಿಂದ ಬರುವವರಿದ್ದರು. ಹಾಜಿಯಾರ್ ಪಾತುಮುತ್ತುವಿನ ಮನೆಗೆ ಕುಟ್ಟಲು ಭತ್ತವನ್ನೂ ತುಂಬಲು ಖಾಲಿ ಚೀಲಗಳನ್ನೂ ಕಳಿಸಿದರು. ಕೆಲವುಗಳ ಮೇಲೆ ‘ಅಕ್ಕಿ’, ಕೆಲವುಗಳ ಮೇಲೆ ‘ತೌಡು’ ಎಂದು ಮಸಿಯಲ್ಲಿ ಬರೆಸಿದ್ದರು. ಅಕ್ಕಿ ಊಟಕ್ಕೆ, ತೌಡು ಅವರ ಹಸುವಿಗೆ. ಪಾತುಮುತ್ತು ತುಂಬಿದಳು, ಬಾಯಿ ಹೊಲಿದಳು, ಗಾಡಿಗೆ ಹೇರಿಸಿದಳು. “ಈ ಸಲ ಅಕ್ಕಿ ಭಾಳ ಹಗುರ,” ಎಂದ ಗಾಡಿಯವನಿಗೆ, “ನಿನ್ನ ತೋಳು ಗಟ್ಟಿಯಾಗಿದೆ ಕಣೋ,” ಎಂದು ಉಬ್ಬಿಸಿದಳು.

ಮರುದಿನ ಹಂಡೆಯ ನೀರು ಕುದಿಯಿತು, ವಕೀಲರು ಬಂದು ಕೂತರು, ಅಡುಗೆಯವನು ಚೀಲ ಬಿಚ್ಚಿದ. ತೌಡು! ಇನ್ನೊಂದು ಬಿಚ್ಚಿದ. ಅಯ್ಯೋ, ಅದೂ ತೌಡು! ಅತ್ತ ಕೊಟ್ಟಿಗೆಯಲ್ಲಿ ಹಾಜಿಯಾರ್ ಹಸು ಯಾರಿಗೂ ಕಾಯದೆ ಮೌಲೂದಿನ ಊಟ ಶುರುಮಾಡಿತ್ತು.

“ತಾತ್ತಾ! ಚೀಲದ ಮೇಲೆ ಇಷ್ಟು ದಪ್ಪಕ್ಕೆ ಬರೆದಿತ್ತಲ್ಲ!”

“ಬರೆದಿತ್ತು ಹಾಜಿಯಾರೇ,” ಎಂದಳು ಪಾತುಮುತ್ತು ಹೆಂಗಸರ ಕಡೆಯ ಪರದೆಯ ಹಿಂದಿನಿಂದ. “ಓದೋಕೆ ಬರ್ಬೇಕಲ್ಲ? ಅಡುಗೆಮನೆಯವ್ರು ನಾವು.”

ಪರದೆಯಾಚೆ ನಲವತ್ತು ಹೆಂಗಸರು ಕಿಸಕ್ಕೆಂದರು. ವಕೀಲರು ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಏನ್ರೀ, ಹೆಣ್ಣುಮಕ್ಕಳಿಗೆ ಶಾಲೆ ಇಲ್ವಾ ಇಲ್ಲಿ?”

ಹಾಜಿಯಾರ್ ಮುಖ ಇಂಗು ತಿಂದ ಮಂಗನಂತಾಯಿತು. “ಇದೆ... ಇದೆ. ಸೋಮವಾರದಿಂದ.”

ಹಸು ಉಳಿಸಿದ ಅಕ್ಕಿಯಲ್ಲೇ ಅನ್ನ ಬೆಂದು ಊಟವಾಗುವಷ್ಟರಲ್ಲಿ ಸಂಜೆ ಐದಾಗಿತ್ತು.

ಸೋಮವಾರ ಹಾಜಿಯಾರ್ ತಾವೇ ದಾಖಲಾತಿ ಪುಸ್ತಕ ಹಿಡಿದು ಕೂತರು. ರಲೀನಾಳ ಸರದಿ ಬಂದಾಗ ಶಾಯಿಯ ಡಬ್ಬಿ ಮುಂದೆ ತಳ್ಳಿ, “ಹೆಬ್ಬೆಟ್ಟು ಒತ್ತು ತಾತ್ತಾ,” ಎಂದರು. ಪಾತುಮುತ್ತು ಡಬ್ಬಿ ಮುಟ್ಟಲಿಲ್ಲ. ಅವರ ಮುಂದಿದ್ದ ಪೆನ್ನು ತೆಗೆದುಕೊಂಡು ಗುಂಡಗೆ ತನ್ನ ಹೆಸರು ಬರೆದಳು. ಎರಡು ವರ್ಷ ಮೊಮ್ಮಗಳು ತಂದ ಪಾಠವನ್ನೆಲ್ಲ ಅವಳು ಒರಳಿನ ಪಕ್ಕ ತೌಡು ಹರಡಿಕೊಂಡು ಬೆರಳಲ್ಲಿ ತಿದ್ದಿದ್ದಳು.

ಹಾಜಿಯಾರ್ ಹೆಸರು ನೋಡಿದರು, ಅವಳನ್ನು ನೋಡಿದರು. “ಹಂಗಾದ್ರೆ... ಆ ಚೀಲ?”

“ಚೆನ್ನಾಗಿ ಬರೆಸಿದ್ರಿ ಹಾಜಿಯಾರೇ,” ಎಂದಳು ಪಾತುಮುತ್ತು. “ಒಂದಕ್ಷರ ತಪ್ಪಿರ್ಲಿಲ್ಲ.”